ಥರ್ಮೋಸ್ಟಾಟ್ ಬದಲಿಸುವ ಮುನ್ನ: ಬಿಸಿನೀರಿನ ವೈರಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಗೀಸರ್, ಸೋಲಾರ್ ಮತ್ತು ಬಾಯ್ಲರ್‌ಗಳಿಗೆ ಸಂಬಂಧಿಸಿದವು. ಮುಂದೆ ಎಲ್ಲೆಲ್ಲಿ ಕವರ್ ಬಿಚ್ಚುವ ಮಾತು ಬರುತ್ತದೋ ಅಲ್ಲೆಲ್ಲ ಒಂದೇ ಕ್ರಮ: ಎಂಸಿಬಿ ಕೆಳಗೆ ಇಳಿಸಿ, ಪ್ಲಗ್ ಕಿತ್ತು, ಟೆಸ್ಟರನ್ನು ಮೊದಲು ಕರೆಂಟಿರುವ ಬೇರೆ ಸಾಕೆಟ್ಟಿನಲ್ಲಿಟ್ಟು ಅದು ಉರಿಯುತ್ತದೆಂದು ನೋಡಿಕೊಂಡು, ಆಮೇಲೆ ಇಲ್ಲಿ ಕರೆಂಟಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕರೆಂಟು ಹರಿಯುತ್ತಿರುವಾಗ ಅಳೆಯುವ ಕೆಲಸ ಎಲೆಕ್ಟ್ರಿಷಿಯನ್ನರದು.

ಪ್ರಶ್ನೆ: ನಮ್ಮದು 25 ಲೀಟರಿನ, 2000 ವ್ಯಾಟಿನ ಗೀಸರ್. ಸ್ವಿಚ್ ಹಾಕಿದರೆ ಪವರ್ ದೀಪ ಉರಿಯುತ್ತದೆ, ಹೀಟಿಂಗ್ ದೀಪ ಉರಿಯುವುದಿಲ್ಲ, ನೀರು ತಣ್ಣಗೇ ಇರುತ್ತದೆ. ತಿಂಗಳ ಹಿಂದಷ್ಟೇ ಥರ್ಮೋಸ್ಟಾಟ್ ಬದಲಿಸಿದ್ದೆವು. ಮತ್ತೆ ಅದೇ ತೊಂದರೆ. ಗೀಸರನ್ನೇ ಬದಲಿಸಬೇಕೇ?
— ಓದುಗರು, ದಾವಣಗೆರೆ

ಉತ್ತರ: ಬೇಡ. ಗೀಸರ್ ಕೆಟ್ಟಿತೆಂದರೆ ಥರ್ಮೋಸ್ಟಾಟ್ ಬದಲಿಸುವುದು ರೂಢಿಯಾಗಿಬಿಟ್ಟಿದೆ. ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ ಎಂದು ಹುಡುಕುವವರು ಕಡಿಮೆ. ಹುಡುಕಲು ಹತ್ತು ನಿಮಿಷ ಸಾಕು.

ಗೀಸರಿನೊಳಗೆ ಕರೆಂಟಿನ ದಾರಿ ತುಂಬ ಸರಳ. ಫೇಸ್ ವೈರು ಮೊದಲು ಕಟ್‌ಔಟ್‌ಗೆ (ನೀರು ಅತಿಯಾಗಿ ಕಾದರೆ ಕರೆಂಟು ಕಡಿಯುವ ಸುರಕ್ಷತಾ ಸ್ವಿಚ್ಚು), ಅಲ್ಲಿಂದ ಥರ್ಮೋಸ್ಟಾಟಿಗೆ (ನಾಬಿನಲ್ಲಿಟ್ಟಷ್ಟು ಬಿಸಿಯಾದಾಗ ಕರೆಂಟು ನಿಲ್ಲಿಸುವ ಸ್ವಿಚ್ಚು), ಅಲ್ಲಿಂದ ನೀರು ಕಾಯಿಸುವ ಕಾಯಿಲಿನ ಒಂದು ತುದಿಗೆ ಹೋಗುತ್ತದೆ. ಕಾಯಿಲಿನ ಇನ್ನೊಂದು ತುದಿಯಿಂದ ನ್ಯೂಟ್ರಲ್ ವಾಪಸಾಗುತ್ತದೆ. ಅನೇಕ ಮಾದರಿಗಳಲ್ಲಿ ಈ ನ್ಯೂಟ್ರಲ್ ಕೂಡ ಕಟ್‌ಔಟ್ ಮೂಲಕವೇ ಹಾಯುತ್ತದೆ. ಪವರ್ ದೀಪ ಈ ದಾರಿಯ ಆರಂಭದಲ್ಲಿದೆ. ಹೀಟಿಂಗ್ ದೀಪ ಕಾಯಿಲಿನ ಎರಡು ತುದಿಗಳ ನಡುವೆ ಇದೆ. ಆದ್ದರಿಂದ ಹೀಟಿಂಗ್ ದೀಪ ಉರಿದೂ ನೀರು ತಣ್ಣಗಿದ್ದರೆ ಕಾಯಿಲ್ ಹೋಗಿದೆ. ನಿಮ್ಮಲ್ಲಿರುವಂತೆ ಪವರ್ ದೀಪ ಮಾತ್ರ ಉರಿದರೆ ಕಟ್‌ಔಟ್, ಥರ್ಮೋಸ್ಟಾಟ್ ಅಥವಾ ಅವುಗಳ ನಡುವಿನ ವೈರು, ಈ ಮೂರರಲ್ಲಿ ಒಂದು ಕಡೆ ದಾರಿ ಕಡಿದಿದೆ. ಕಾಯಿಲಿನ ತಪ್ಪು ಇಲ್ಲ.

ಕೆಳಗಿನ ಕವರ್ ಬಿಚ್ಚಿದ ಕೂಡಲೇ ವೈರುಗಳ ಫೋಟೋ ತೆಗೆದುಕೊಳ್ಳಿ. ನಂತರ ಕಟ್‌ಔಟ್ ಮೇಲಿನ ಸಣ್ಣ ಕೆಂಪು ಬಟನ್ ಒತ್ತಿ. ಟಕ್ ಎಂದು ಒಳಗೆ ಕೂತರೆ ಅದು ಟ್ರಿಪ್ ಆಗಿತ್ತು ಎಂದರ್ಥ. ನೀರು ಸಾಕಷ್ಟು ಆರದಿದ್ದರೆ ಬಟನ್ ಕೂರುವುದಿಲ್ಲ, ಒಂದೆರಡು ಗಂಟೆ ಬಿಟ್ಟು ನೋಡಿ.

ಬಟನ್ ಮೊದಲೇ ಒಳಗಿತ್ತು ಎಂದಾದರೆ ಮಲ್ಟಿಮೀಟರನ್ನು 200 ಓಮ್ ಸ್ಥಾನಕ್ಕೆ ತಿರುಗಿಸಿ, ಎರಡು ಕಡ್ಡಿಗಳನ್ನು ಒಂದಕ್ಕೊಂದು ಮುಟ್ಟಿಸಿ ಎಷ್ಟು ಬರುತ್ತದೆ ನೋಡಿಕೊಳ್ಳಿ. ಸಾಮಾನ್ಯವಾಗಿ 0.2ರಿಂದ 0.5 ಬರುತ್ತದೆ, ಅದು ಕಡ್ಡಿಗಳದ್ದೇ ರೋಧ. ಕಾಯಿಲಿನ ಒಂದು ವೈರು ಕಳಚಿ ಅಳೆದರೆ 2000 ವ್ಯಾಟಿನದಕ್ಕೆ 26 ಓಮ್ ಆಸುಪಾಸು ಬರಬೇಕು. 230ನ್ನು 230ರಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಸಿಗುವ ಲೆಕ್ಕ ಇದು. 3000 ವ್ಯಾಟಿನದಾದರೆ 17.6. ಇನ್ನು ತಣ್ಣೀರಿರುವಾಗ ಥರ್ಮೋಸ್ಟಾಟಿನ ಎರಡು ಟರ್ಮಿನಲ್‌ಗಳ ನಡುವೆ ಸೊನ್ನೆಗೆ ಹತ್ತಿರ ಬರಬೇಕು. ಕಟ್‌ಔಟ್‌ನ ಪ್ರತಿ ಜೋಡಿಗೂ ಅಷ್ಟೇ. ಎಲ್ಲಿ ಏನೂ ತೋರಿಸುವುದಿಲ್ಲವೋ ದಾರಿ ಅಲ್ಲೇ ಕಡಿದಿದೆ.

ಹೊಸ ಥರ್ಮೋಸ್ಟಾಟ್ ತಿಂಗಳೊಳಗೆ ಹೋದರೆ ನನ್ನ ಮೊದಲ ಅನುಮಾನ ಲಗ್ಗಿನ ಮೇಲೆ, ಅಂದರೆ ವೈರಿನ ತುದಿಗೆ ಒತ್ತಿಸಿ ಟರ್ಮಿನಲ್ಲಿಗೆ ಸಿಕ್ಕಿಸುವ ಲೋಹದ ತುಂಡಿನ ಮೇಲೆ. ಟರ್ಮಿನಲ್ ಹತ್ತಿರದಿಂದ ನೋಡಿ. ವೈರಿನ ಹೊದಿಕೆ ಕಂದುಬಣ್ಣಕ್ಕೆ ತಿರುಗಿ ಉಗುರು ತಾಗಿಸಿದರೆ ಪುಡಿಯಾಗುತ್ತದೆಯೇ? ಹಿತ್ತಾಳೆಯ ಲಗ್ ಹೊಳಪು ಕಳೆದುಕೊಂಡು ಕಪ್ಪಾಗಿದೆಯೇ? ಎಳೆದರೆ ಸಲೀಸಾಗಿ ಬರುತ್ತದೆಯೇ? ಈ ಗೀಸರಿನಲ್ಲಿ ಸುಮಾರು 8.7 ಆಂಪಿಯರ್ ಕರೆಂಟು ಹರಿಯುತ್ತದೆ. ಸಡಿಲ ಜೋಡಣೆಯಲ್ಲಿ ಬರೀ ಅರ್ಧ ಓಮ್ ರೋಧ ಇದ್ದರೂ ಆ ಒಂದು ಬಿಂದುವಿನಲ್ಲಿ ಸುಮಾರು 36 ವ್ಯಾಟ್ ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಗೆ ಬಳಸುವ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಅದಕ್ಕಿಂತ ಹೆಚ್ಚಿನ ಬಿಸಿ ಥರ್ಮೋಸ್ಟಾಟಿನ ಮೈಗೆ ಅಂಟಿಕೊಂಡೇ ಇದ್ದರೆ ಒಳಗಿನ ಕಾಂಟ್ಯಾಕ್ಟ್ ಎಷ್ಟು ದಿನ ತಾಳೀತು?

ಸುಟ್ಟ ವೈರಿಗೆ ಹೊಸ ಥರ್ಮೋಸ್ಟಾಟ್ ಸಿಕ್ಕಿಸಿದರೆ ಅದೂ ಹೋಗುತ್ತದೆ. ತಾಮ್ರ ಕೆಂಪಗೆ ಹೊಳೆಯುವವರೆಗೆ ವೈರು ಕತ್ತರಿಸಿ, ಹೊಸ ಲಗ್ ಹಾಕಿ, ಕ್ರಿಂಪಿಂಗ್ ಟೂಲಿನಿಂದಲೇ ಒತ್ತಿಸಿ. ಮಾಮೂಲಿ ಇಕ್ಕಳದಿಂದ ಒತ್ತಿದ್ದು ನಿಲ್ಲುವುದಿಲ್ಲ. ವೈರು ಗಿಡ್ಡವಾದರೆ ಸಿಲಿಕೋನ್ ಅಥವಾ ಗ್ಲಾಸ್ ಫೈಬರ್ ಹೊದಿಕೆಯ, ಶಾಖ ತಾಳುವ ವೈರನ್ನೇ ಹಾಕಿಸಿ. ಮನೆ ವೈರಿಂಗಿನ ಪಿವಿಸಿ ವೈರು 70 ಡಿಗ್ರಿಗೆ ಮಾತ್ರ ಮಾಡಿದ್ದು. ಥರ್ಮೋಸ್ಟಾಟ್ ಮೇಲೆ 16 ಆಂಪಿಯರ್ ಅಥವಾ ಹೆಚ್ಚು ಎಂದು ಅಚ್ಚಾಗಿರಬೇಕು. 10 ಆಂಪಿಯರಿನದನ್ನು ಹಾಕಿ ಹೋಗಿದ್ದಾರೆಯೇ ಎಂದೂ ನೋಡಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಗೀಸರಿನ ಕೆಂಪು ಬಟನ್ ಹತ್ತು ಹದಿನೈದು ದಿನಕ್ಕೊಮ್ಮೆ ಟ್ರಿಪ್ ಆಗುತ್ತದೆ. ರಿಪೇರಿಯವರು ಕಟ್‌ಔಟ್ ಬಿಟ್ಟು ವೈರು ನೇರ ಕೊಡುತ್ತೇನೆ ಎನ್ನುತ್ತಾರೆ. ಮಾಡಿಸಬಹುದೇ?
— ಓದುಗರು, ಕೋಲಾರ

ಉತ್ತರ: ದಯವಿಟ್ಟು ಯಾವ ಕಾರಣಕ್ಕೂ ಮಾಡಿಸಬೇಡಿ. ಈಗಾಗಲೇ ಮಾಡಿಸಿದ್ದರೆ ಇವತ್ತೇ ಗೀಸರ್ ಬಂದ್ ಮಾಡಿ.

ಥರ್ಮೋಸ್ಟಾಟ್ ಕೈಕೊಟ್ಟಾಗ ಕಾಯಿಲನ್ನು ನಿಲ್ಲಿಸಲು ಕಟ್‌ಔಟ್ ಬಿಟ್ಟರೆ ಬೇರೇನೂ ಇಲ್ಲ. ಅದನ್ನು ತೆಗೆದ ಮೇಲೆ ಉಳಿಯುವುದು ಒತ್ತಡ ಬಿಡುವ ವಾಲ್ವ್ ಮಾತ್ರ. ಗಡಸು ನೀರಿನ ಊರುಗಳಲ್ಲಿ ಅದು ಸುಣ್ಣ ಕಟ್ಟಿ ಅಂಟಿಕೊಂಡಿರುವುದು ತೀರ ಸಾಮಾನ್ಯ. ಮುಚ್ಚಿದ ಟ್ಯಾಂಕಿನಲ್ಲಿ 2 ಬಾರ್ ಒತ್ತಡ ಏರಿದರೆ ನೀರು 100 ಡಿಗ್ರಿಗೆ ಕುದಿಯದೆ 133 ಡಿಗ್ರಿಯವರೆಗೂ ನೀರಾಗಿಯೇ ಉಳಿಯುತ್ತದೆ. ಟ್ಯಾಂಕ್ ಬಿರಿದ ಕ್ಷಣ ಅದರಲ್ಲಿ ಒಂದು ಪಾಲು ಒಮ್ಮೆಲೇ ಹಬೆಯಾಗುತ್ತದೆ. ಗೀಸರ್ ಸಿಡಿದು ಗೋಡೆ ಒಡೆಯುವುದು ಹೀಗೆ.

ಬಟನ್ ಪದೇ ಪದೇ ಬೀಳುತ್ತಿದ್ದರೆ ನೀರು ನಿಜವಾಗಿಯೂ ಅತಿಯಾಗಿ ಕಾಯುತ್ತಿದೆ ಎಂದು ತಿಳಿಯಿರಿ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಒಂದಕ್ಕೊಂದು ಬೆಸೆದುಕೊಂಡಿರಬಹುದು. ಇದನ್ನು ಪತ್ತೆ ಹಚ್ಚುವುದು ಸುಲಭ: ನಾಬನ್ನು ಪೂರ್ತಿ ಕಡಿಮೆ ಮಾಡಿದರೂ ಹೀಟಿಂಗ್ ದೀಪ ಆರುವುದಿಲ್ಲ. ಎರಡನೆಯದು, ಥರ್ಮೋಸ್ಟಾಟಿನಿಂದ ಹೊರಡುವ ಕೂದಲೆಳೆಯಂಥ ತಾಮ್ರದ ನಳಿಕೆ ಮುರಿದು ಒಳಗಿನ ದ್ರವ ಸೋರಿಹೋಗಿರಬಹುದು. ಆಗ ಅದು ನೀರು ಸದಾ ತಣ್ಣಗಿದೆ ಎಂದೇ ಭಾವಿಸಿ ಕರೆಂಟು ಕೊಡುತ್ತಲೇ ಇರುತ್ತದೆ. ರಿಪೇರಿ ವೇಳೆ ಈ ನಳಿಕೆಯನ್ನು ಚೂಪಾಗಿ ಮಡಚಿದರೆ ಹೀಗಾಗುತ್ತದೆ, ಬೆರಳಿನಷ್ಟು ದಪ್ಪ ಸುತ್ತಿನಲ್ಲಿ ಬಾಗಿಸಬೇಕು. ನಳಿಕೆಯ ತುದಿಯ ಬಲ್ಬ್ ಅದರ ಕೊಳವೆಯೊಳಗೆ ಕೊನೆಯವರೆಗೂ ಹೋಗಿರದಿದ್ದರೂ ಇದೇ ಫಲ.

ಮೂರನೆಯದು ಸುಣ್ಣ. ನಿಮ್ಮಲ್ಲಿ ನನಗೆ ಹೆಚ್ಚು ಅನುಮಾನ ಇದರ ಮೇಲೆ. ಬಲ್ಬ್ ಇರುವ ಕೊಳವೆಯ ಹೊರಗೆ ದಪ್ಪ ಪದರ ಕಟ್ಟಿದರೆ ನೀರಿನ ಬಿಸಿ ಥರ್ಮೋಸ್ಟಾಟಿಗೆ ತಡವಾಗಿ ತಲುಪುತ್ತದೆ, ಅಷ್ಟರಲ್ಲಿ ನೀರು ಮಿತಿ ಮೀರಿರುತ್ತದೆ. ಕಾಯಿಲು ಮತ್ತು ಕೊಳವೆಯ ನಡುವಿನ ಸಂದಿಯಲ್ಲೇ ಸುಣ್ಣ ತುಂಬಿಕೊಂಡರೆ ಇದಕ್ಕೆ ತದ್ವಿರುದ್ಧ: ಕಾಯಿಲಿನ ಬಿಸಿ ನೇರ ದಾಟಿ, ನೀರು ಉಗುರುಬೆಚ್ಚಗಿರುವಾಗಲೇ ಥರ್ಮೋಸ್ಟಾಟ್ ಕಟ್ ಆಗುತ್ತದೆ. ಒಂದೇ ಸುಣ್ಣ, ಎರಡು ಬಗೆಯ ದೂರು.

ಒಳಬರುವ ನೀರಿನ ವಾಲ್ವ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಫ್ಲ್ಯಾಂಜ್ (ಕಾಯಿಲ್ ಕೂರಿಸಿರುವ ಲೋಹದ ತಟ್ಟೆ) ಸಮೇತ ಕಾಯಿಲ್ ಹೊರತೆಗೆಸಿ. ಲೀಟರ್ ಬಿಸಿನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ, ಟರ್ಮಿನಲ್‌ಗಳು ನೆನೆಯದಂತೆ ಕಾಯಿಲಿನ ಭಾಗವನ್ನಷ್ಟೇ ಮುಳುಗಿಸಿಡಿ. ನೊರೆ ನಿಲ್ಲುವವರೆಗೆ ಬಿಟ್ಟರೆ ಪದರ ಮೆತ್ತಗಾಗಿ ಕಳಚುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಮರಳಿ ಜೋಡಿಸುವಾಗ ಗ್ಯಾಸ್ಕೆಟ್ ಹೊಸದು ಹಾಕಿಸಿ, ಮೆಗ್ನೀಸಿಯಂ ಸರಳು ಸವೆದಿದ್ದರೆ ಅದನ್ನೂ ಬದಲಿಸಿ. ಬಿಸಿನೀರಿನ ನಲ್ಲಿಯಲ್ಲಿ ಗಾಳಿ ಬರುವುದು ನಿಂತು ನೀರು ಧಾರೆಯಾಗಿ ಬರುವವರೆಗೆ ಸ್ವಿಚ್ ಹಾಕಬೇಡಿ. ನೀರಿಲ್ಲದೆ ಕಾದ ಕಾಯಿಲು ಸುಟ್ಟುಹೋಗುತ್ತದೆ.

ಪ್ರಶ್ನೆ: ಸ್ವಿಚ್‌ಬೋರ್ಡ್ ಬದಲಿಸಿದ ಮೇಲೆ ಗೀಸರ್ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆ, ಸ್ವಿಚ್ ಆಫ್ ಇದ್ದಾಗಲೂ. ನಮ್ಮದು ಮೂರು ಫೇಸಿನ ಮನೆ. ಥರ್ಮೋಸ್ಟಾಟ್ ಲೀಕ್ ಆಗುತ್ತಿದೆಯೇ?
— ಓದುಗರು, ಮೈಸೂರು

ಉತ್ತರ: ಮೊದಲು ಪ್ಲಗ್ ಕಿತ್ತುಬಿಡಿ, ಸರಿಯಾಗುವವರೆಗೆ ಆ ನಲ್ಲಿ ಬಳಸಬೇಡಿ. ಇಲ್ಲಿ ಮೂರು ತಪ್ಪುಗಳು ಒಟ್ಟಿಗೆ ಸೇರಿವೆ: ಕಾಯಿಲಿನಲ್ಲಿ ಸ್ವಲ್ಪ ಸೋರಿಕೆ, ಫೇಸ್ ಮತ್ತು ನ್ಯೂಟ್ರಲ್ ಅದಲುಬದಲು, ಅರ್ಥಿಂಗ್ ದುರ್ಬಲ. ಮೂರನೆಯದು ಗಟ್ಟಿಯಿದ್ದಿದ್ದರೆ ನಿಮಗೆ ಜುಮ್ ಎನ್ನುತ್ತಿರಲಿಲ್ಲ.

ಅದಲುಬದಲಾದರೆ ಏನಾಗುತ್ತದೆ? ಸ್ವಿಚ್ಚು, ಥರ್ಮೋಸ್ಟಾಟ್ ಎರಡೂ ಫೇಸ್ ಕಡಿಯುವ ಬದಲು ನ್ಯೂಟ್ರಲ್ ಕಡಿಯುತ್ತವೆ. ದೀಪ ಆರುತ್ತದೆ, ನೀರು ಕಾಯುವುದು ನಿಲ್ಲುತ್ತದೆ, ಎಲ್ಲ ಸರಿಯಿರುವಂತೆಯೇ ಕಾಣುತ್ತದೆ. ಆದರೆ ಕಾಯಿಲಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ.

ಪರೀಕ್ಷೆ ಹೀಗೆ. ಸಾಕೆಟ್ಟಿನ ಎದುರು ನಿಂತಾಗ ದಪ್ಪ ತೂತು ಮೇಲಿರಲಿ. ಸ್ವಿಚ್ ಹಾಕಿದಾಗ ಬಲಗಡೆಯ ತೂತಿನಲ್ಲಿ ಮಾತ್ರ ಟೆಸ್ಟರ್ ಉರಿಯಬೇಕು, ಆಫ್ ಮಾಡಿದಾಗ ಎಲ್ಲೂ ಉರಿಯಬಾರದು. ಎಡಗಡೆ ಉರಿದರೆ ವೈರು ಅದಲುಬದಲಾಗಿದೆ. ಮೂರು ಫೇಸಿನ ಮನೆಗಳಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಗೋಡೆಯೊಳಗಿನ ವೈರಿಂಗಿನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್. ಗೀಸರಿನ ಜೊತೆ ಬರುವ ವೈರಿನಲ್ಲಾದರೋ ಕಂದು ಫೇಸ್, ನೀಲಿ ನ್ಯೂಟ್ರಲ್. ನೀಲಿಗೆ ನೀಲಿ ಸೇರಿಸಿದವರು ಫೇಸನ್ನು ನ್ಯೂಟ್ರಲ್ ಜಾಗಕ್ಕೆ ಕೊಟ್ಟಂತಾಯಿತು. ಬಣ್ಣ ನಂಬದೆ ಟೆಸ್ಟರ್ ಹಿಡಿದೇ ಜೋಡಿಸಬೇಕು.

ಅರ್ಥಿಂಗ್ ವಿಷಯದಲ್ಲಿ ಒಂದು ಎಚ್ಚರಿಕೆ. ಫೇಸ್ ಮತ್ತು ಅರ್ಥ್ ನಡುವೆ ಮೀಟರ್ 230 ತೋರಿಸಿತೆಂದು ಸಮಾಧಾನಪಡಬೇಡಿ. ತುಕ್ಕು ಹಿಡಿದ ಒಂದೇ ಎಳೆ ಉಳಿದಿದ್ದರೂ ಮೀಟರಿಗೆ ಅಷ್ಟು ಸಾಕು. ಎಲೆಕ್ಟ್ರಿಷಿಯನ್ ಅರ್ಥ್ ಟೆಸ್ಟರಿನಿಂದ ಅಳೆಯಲಿ. ಕಾಯಿಲನ್ನು 500 ವೋಲ್ಟಿನ ಮೆಗ್ಗರ್‌ನಿಂದ (ಕರೆಂಟಿನ ಸೋರಿಕೆ ಪತ್ತೆ ಹಚ್ಚುವ ಮೀಟರು) ಪರೀಕ್ಷಿಸಿ, ಸೋರುತ್ತಿದ್ದರೆ ಬದಲಿಸಲಿ. ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಇದೇ ಕೆಲಸದ ಜೊತೆ ಹಾಕಿಸಿ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ.

ಪ್ರಶ್ನೆ: 200 ಲೀಟರಿನ ಸೋಲಾರ್ ಇದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಕರೆಂಟ್ ಬ್ಯಾಕಪ್ ಹಾಕಿದರೆ ನೀರು ಕಾಯುತ್ತಲೇ ಇಲ್ಲ. ಬಳಸದೇ ಇಟ್ಟಿದ್ದು ತಾನಾಗಿ ಕೆಟ್ಟಿತೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಏಪ್ರಿಲ್, ಮೇ ತಿಂಗಳಲ್ಲಿ ಮನೆಗೆ ಬೀಗ ಹಾಕಿ ನಾಲ್ಕು ದಿನ ಎಲ್ಲಾದರೂ ಹೋಗಿದ್ದಿರೇ? ನೀರು ಬಳಕೆಯಾಗದಿದ್ದರೆ ಬಿಸಿಲಿಗೇ ಟ್ಯಾಂಕು 90 ಡಿಗ್ರಿ ದಾಟಬಹುದು, ಗಾಜಿನ ಟ್ಯೂಬಿನ ಸೋಲಾರ್‌ಗಳಲ್ಲಂತೂ ಖಂಡಿತ. ಕರೆಂಟಿನ ಬಿಸಿಯೋ ಬಿಸಿಲಿನ ಬಿಸಿಯೋ ಕಟ್‌ಔಟ್‌ಗೆ ಗೊತ್ತಾಗುವುದಿಲ್ಲ. ಅದು ಆಗಲೇ ಟ್ರಿಪ್ ಆಗಿರುತ್ತದೆ. ಬ್ಯಾಕಪ್ ಬೇಕಿಲ್ಲದ ಕಾಲವಾದ್ದರಿಂದ ಯಾರ ಗಮನಕ್ಕೂ ಬಂದಿರುವುದಿಲ್ಲ, ಜೂನ್‌ನಲ್ಲಿ ಸ್ವಿಚ್ ಹಾಕಿದಾಗ ತಿಳಿಯುತ್ತದೆ. ಆದ್ದರಿಂದ ಮೊದಲು ರೀಸೆಟ್ ಬಟನ್ ನೋಡಿಸಿ.

ಅದು ಸರಿಯಿದ್ದರೆ ಟರ್ಮಿನಲ್ ಮುಚ್ಚಳ ತೆಗೆಸಿ. ಮಲೆನಾಡಿನ ಮಳೆಗೆ ನೀರು ವೈರನ್ನೇ ಹಿಡಿದು ಒಳಗಿಳಿಯುತ್ತದೆ. ಹಸಿರು ಕಿಲುಬು ಕಂಡರೆ ಲಗ್ ಬದಲಿಸಿ, ರಬ್ಬರ್ ಗ್ಲ್ಯಾಂಡ್ ಹೊಸದು ಹಾಕಿಸಿ. ವೈರು ಮುಚ್ಚಳದೊಳಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲೇರುವಂತೆ ಬಾಗಿಸಿದರೆ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮಳೆಯಲ್ಲಿ, ಒದ್ದೆ ತಾರಸಿಯ ಮೇಲೆ ಈ ಕೆಲಸ ಬೇಡ.

ಇನ್ನೊಂದು ಮಾತು: ಕಾಯುತ್ತಿದ್ದರೂ ಕಾಯುತ್ತಿಲ್ಲ ಎನಿಸಿರಬಹುದು. 200 ಲೀಟರ್ ನೀರನ್ನು 20ರಿಂದ 50 ಡಿಗ್ರಿಗೆ ಏರಿಸಲು 7 ಯೂನಿಟ್ ಬೇಕು, 2000 ವ್ಯಾಟಿನ ಕಾಯಿಲಿಗೆ ಮೂರೂವರೆ ಗಂಟೆ. ಅರ್ಧ ಗಂಟೆ ಹಾಕಿದರೆ ವ್ಯತ್ಯಾಸ ಕಾಣುವುದಿಲ್ಲ. ನಾಬನ್ನು 60ಕ್ಕಿಟ್ಟು, ಸಂಜೆ ಬಿಸಿಲು ಇಳಿದ ಮೇಲೆ ನೀರು ಎಷ್ಟು ಬಿಸಿಯಿದೆ ನೋಡಿಕೊಂಡು ಹಾಕಿ. ಬೆಳಗ್ಗೆಯೇ ಕರೆಂಟಿನಿಂದ ಕಾಯಿಸಿಟ್ಟರೆ ಆ ದಿನದ ಬಿಸಿಲು ವ್ಯರ್ಥ.

ಪ್ರಶ್ನೆ: ಗೀಸರ್ ನಾಬ್ ಎಷ್ಟಕ್ಕಿಡಬೇಕು?
— ಓದುಗರು, ಧಾರವಾಡ

ಉತ್ತರ: 60 ಡಿಗ್ರಿ. ಅದಕ್ಕಿಂತ ಕಡಿಮೆಯಲ್ಲಿ ನೀರು ದಿನಗಟ್ಟಲೆ ನಿಂತರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುವ ಭಯವಿದೆ, ಹೆಚ್ಚಿಟ್ಟರೆ ಸುಣ್ಣ ಬೇಗ ಕಟ್ಟುತ್ತದೆ. 60 ಡಿಗ್ರಿಯ ನೀರು ಐದು ಸೆಕೆಂಡಿನಲ್ಲಿ ಚರ್ಮ ಸುಡಬಲ್ಲದು, ಮಕ್ಕಳದ್ದು ಇನ್ನೂ ಬೇಗ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಬಿಡಿ.

ಪ್ರಶ್ನೆ: ನಾವಿರುವ ಮನೆಯಲ್ಲಿ ಗ್ಯಾಸ್ ಬಾಯ್ಲರ್, ರೇಡಿಯೇಟರ್‌ಗಳು ಮತ್ತು ಬಿಸಿನೀರಿನ ಸಿಲಿಂಡರ್ ಇವೆ. ಟೈಮರ್ ಆಫ್, ರೂಮ್ ಥರ್ಮೋಸ್ಟಾಟ್ ಪೂರ್ತಿ ಇಳಿಸಿದ್ದೇವೆ. ಆದರೂ ಬಾಯ್ಲರ್ ರಾತ್ರಿಯೆಲ್ಲ ಉರಿಯುತ್ತದೆ. ಥರ್ಮೋಸ್ಟಾಟ್ ಬದಲಿಸಿಯೂ ಪ್ರಯೋಜನವಾಗಲಿಲ್ಲ.
— ಕನ್ನಡಿಗ ಓದುಗರು, ರೆಡಿಂಗ್, ಇಂಗ್ಲೆಂಡ್

ಉತ್ತರ: ಸಿಲಿಂಡರ್ ಇರುವ ಕಪಾಟಿನಲ್ಲಿ ಮೋಟಾರ್ ವಾಲ್ವ್ ಎಷ್ಟಿವೆ ನೋಡಿ. ಎರಡೆರಡು ಪೈಪಿನ ಎರಡು ವಾಲ್ವ್ ಇದ್ದರೆ ಅಲ್ಲಿ ಅದನ್ನು ಎಸ್-ಪ್ಲಾನ್ ಎನ್ನುತ್ತಾರೆ, ಮೂರು ಪೈಪು ಸೇರುವ ಒಂದೇ ವಾಲ್ವ್ ಇದ್ದರೆ ವೈ-ಪ್ಲಾನ್. ಕೆಳಗಿನದು ಎಸ್-ಪ್ಲಾನಿಗೆ ಅನ್ವಯಿಸುತ್ತದೆ. ವೈ-ಪ್ಲಾನಿನ ವಾಲ್ವಿನಲ್ಲಿ ಬಿಳಿ ವೈರೂ ಇದ್ದು, ಬೂದು ವೈರಿನ ಕೆಲಸವೇ ಬೇರೆ. ಆದ್ದರಿಂದ ಅದಕ್ಕೆ ಇದೇ ಪರೀಕ್ಷೆ ಮಾಡಬೇಡಿ.

ಎಸ್-ಪ್ಲಾನಿನಲ್ಲಿ ಥರ್ಮೋಸ್ಟಾಟ್ ಬಾಯ್ಲರನ್ನು ನೇರವಾಗಿ ಹಚ್ಚುವುದಿಲ್ಲ. ಅದು ವಾಲ್ವಿನ ಕಂದು ವೈರಿಗೆ ಕರೆಂಟು ಕೊಡುತ್ತದೆ, ಮೋಟಾರು ವಾಲ್ವನ್ನು ತೆರೆಯುತ್ತದೆ. ಪೂರ್ತಿ ತೆರೆದಾಗ ಒಳಗಿನ ಸಣ್ಣ ಮೈಕ್ರೋಸ್ವಿಚ್ ಒತ್ತಿಕೊಂಡು ಬೂದು ವೈರನ್ನು ಕಿತ್ತಳೆ ವೈರಿಗೆ ಸೇರಿಸುತ್ತದೆ. ಬೂದು ವೈರಿನಲ್ಲಿ ಸದಾ ಕರೆಂಟು ಇರುತ್ತದೆ. ಕಿತ್ತಳೆ ಬಾಯ್ಲರಿಗೆ ಹೋಗುತ್ತದೆ. ಎರಡೂ ವಾಲ್ವುಗಳ ಕಿತ್ತಳೆ ವೈರು ವೈರಿಂಗ್ ಸೆಂಟರಿನ (ವೈರುಗಳೆಲ್ಲ ಕೂಡುವ ಪೆಟ್ಟಿಗೆ) ಒಂದೇ ಟರ್ಮಿನಲ್ಲಿಗೆ ಸೇರುತ್ತವೆ. ಹೀಗಾಗಿ ಯಾರೂ ಕೇಳದೆ ಬಾಯ್ಲರ್ ಉರಿಯುತ್ತಿದ್ದರೆ ಒಂದು ವಾಲ್ವು ತೆರೆದಲ್ಲೇ ಸಿಕ್ಕಿಕೊಂಡಿದೆ, ಇಲ್ಲವೇ ಅದರ ಮೈಕ್ರೋಸ್ವಿಚ್ ಅಂಟಿಕೊಂಡಿದೆ.

ಸಲಕರಣೆಯಿಲ್ಲದೆ ಮಾಡುವ ಪರೀಕ್ಷೆ ಮೊದಲು: ವಾಲ್ವಿನ ಪಕ್ಕದ ಸಣ್ಣ ಲಿವರನ್ನು ಬೆರಳಿನಿಂದ ಸರಿಸಿ. ಮುಚ್ಚಿದ ವಾಲ್ವಿನ ಲಿವರ್ ಸ್ಪ್ರಿಂಗಿಗೆ ಎದುರಾಗಿ ಬಿಗಿಯಾಗಿರುತ್ತದೆ. ತೆರೆದದ್ದು ಸಡಿಲವಾಗಿ ಅತ್ತಿತ್ತ ಆಡುತ್ತದೆ. ಎಲ್ಲ ಆಫ್ ಇದ್ದಾಗ ಯಾವುದರ ಲಿವರ್ ಸಡಿಲವೋ ದೋಷ ಅದರಲ್ಲಿದೆ.

ಎರಡೂ ಬಿಗಿಯಾಗಿದ್ದರೆ ಮೈಕ್ರೋಸ್ವಿಚ್ ಮೇಲೆ ಅನುಮಾನ. ಈ ಇಡೀ ವ್ಯವಸ್ಥೆಗೆ ಕರೆಂಟು ಕೊಡುವ, 3 ಆಂಪಿಯರ್ ಫ್ಯೂಸಿನ ಸ್ಪರ್ (ಗೋಡೆಯಲ್ಲಿರುವ ಫ್ಯೂಸ್ ಸಹಿತ ಸ್ವಿಚ್ಚು) ಆಫ್ ಮಾಡಿ ಫ್ಯೂಸ್ ಕಿತ್ತಿಟ್ಟುಕೊಳ್ಳಿ. ಕರೆಂಟಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ವಾಲ್ವಿನ ಕಿತ್ತಳೆ ವೈರು ಕಳಚಿ ಪ್ರತ್ಯೇಕ ಕನೆಕ್ಟರಿನಲ್ಲಿ ಮುಚ್ಚಿ, ಪೆಟ್ಟಿಗೆ ಮುಚ್ಚಿ, ಮತ್ತೆ ಆನ್ ಮಾಡಿ. ಬಾಯ್ಲರ್ ನಿಂತರೆ ಆ ವಾಲ್ವೇ ಕಾರಣ. ವಾಲ್ವಿನ ಮೇಲ್ಭಾಗದ ಪೆಟ್ಟಿಗೆ ಮಾತ್ರ ಬದಲಿಸಿದರೆ ಸಾಕು, ಅನೇಕ ಮಾದರಿಗಳಲ್ಲಿ ನೀರು ಖಾಲಿ ಮಾಡದೆಯೇ ಅದು ಕಳಚುತ್ತದೆ.

ಸಿಲಿಂಡರಿಗೆ ಕಟ್ಟಿರುವ ಥರ್ಮೋಸ್ಟಾಟನ್ನೂ ನೋಡಿ. ಅದು ತಳದಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ, ತಾಮ್ರಕ್ಕೆ ತಾಗಿಕೊಂಡು, 60ರಲ್ಲಿರಬೇಕು. ಅದರಲ್ಲಿ ಸಿ, 1, 2 ಎಂಬ ಮೂರು ಟರ್ಮಿನಲ್ ಇರುತ್ತವೆ. ನೀರು ತಣ್ಣಗಿರುವಾಗ ಸಿ ಮತ್ತು 1 ಸೇರಿರುತ್ತವೆ, ಬಿಸಿಯಾದಾಗ ಸಿ ಮತ್ತು 2. ಎಸ್-ಪ್ಲಾನಿಗೆ ಬೇಕಾದದ್ದು ಸಿ ಮತ್ತು 1 ಮಾತ್ರ. ತಪ್ಪಿ 2ಕ್ಕೆ ಕೊಟ್ಟರೆ ನೀರು ಬಿಸಿಯಾದ ಮೇಲೆಯೇ ವಾಲ್ವು ತೆರೆಯುತ್ತದೆ. ಬಾಯ್ಲರ್ ಆರಿದ ಮೇಲೂ ಪಂಪು ಕೆಲವು ನಿಮಿಷ ಓಡುವುದು ಸಹಜ, ಅದನ್ನು ದೋಷವೆಂದು ಎಣಿಸಬೇಡಿ. ಬಾಯ್ಲರಿನ ಕವರ್ ಮಾತ್ರ ನೀವು ಬಿಚ್ಚುವಂತಿಲ್ಲ, ಅದಕ್ಕೆ ಗ್ಯಾಸ್ ಸೇಫ್ (ಅಲ್ಲಿ ಗ್ಯಾಸ್ ಕೆಲಸ ಮಾಡುವವರ ಅಧಿಕೃತ ಪಟ್ಟಿ) ನೋಂದಣಿ ಇರುವವರೇ ಬರಬೇಕು.

ಪ್ರಶ್ನೆ: ಗೀಸರಿಗೆ ವೈಫೈ ಪ್ಲಗ್ ಹಾಕಿ ಮೊಬೈಲಿನಿಂದ ಆನ್ ಮಾಡಬಹುದೇ?
— ಓದುಗರು, ಬೆಂಗಳೂರು

ಉತ್ತರ: 16 ಆಂಪಿಯರಿನದು ಮಾತ್ರ. 10 ಆಂಪಿಯರಿನದು ಗೀಸರಿನ ಕರೆಂಟನ್ನು ದಿನವೂ ತಾಳಲಾರದು. ಸಾಕೆಟ್ಟಿಗೆ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು ಬಂದಿರಬೇಕು. ಹಾಕಿದ ಮೊದಲ ದಿನ 25 ಲೀಟರ್ ಪೂರ್ತಿ ಕಾಯಲು ಬಿಡಿ, ಅರ್ಧ ಗಂಟೆಯ ಕೆಲಸ. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ಅದರ ಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ, ಮೊದಲು ಸಾಕೆಟ್ ಬದಲಿಸಿ.